ಮುತ್ತಾತನ ರಿವಾಲ್ವರ್ ಮತ್ತು ಹೊಸ ಮದ್ದು

ಆಯುಧಪೂಜೆಯ ದಿನ ಮೈಸೂರು ಸೀಮೆಯ ಕೆಲವು ಹಳೇ ಮನೆಗಳಲ್ಲಿ ಮಚ್ಚು, ಕುಡುಗೋಲುಗಳ ಪಕ್ಕ ಒಂದು ಪುಟ್ಟ ರಿವಾಲ್ವರಿಗೂ ಕುಂಕುಮ ಬೀಳುತ್ತದೆ. ಮುತ್ತಾತನ ಕಾಲದ್ದು. ನೋಡಿದವರು ಹೇಳುತ್ತಾರೆ: “ಆಗಿನ ಕಬ್ಬಿಣ ಕಣಪ್ಪಾ, ತೋಟೆ ಹಾಕಿದ್ರೆ ಇವತ್ತೂ ಹಾರುತ್ತೆ.” ಪಕ್ಕದವರು ಸೇರಿಸುತ್ತಾರೆ: “ಗುಂಡು ಇಷ್ಟೇ ಇಷ್ಟು, ಏನಾದೀತು?” ಈ ಎರಡು ಮಾತೂ ಬೆರಳು ಕಳೆಯುವಂಥವು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆಗಳನ್ನು ನೋಡಿದ್ದೀರಲ್ಲ. ರೈಲು ಹಳಿ ಜೋಡಿಯಾಗುವಾಗ ಒಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅಲ್ಲಿ ಕೂಡಿಡುತ್ತಿದ್ದ ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಸರಿಸುಮಾರು 75, 15, 10ರ ಪಾಲು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ 0.22 ಅಂಗುಲ ನಳಿಗೆಯಗಲದ, ಏಳು ಗುಂಡಿನ ಪುಟ್ಟ ರಿವಾಲ್ವರ್ ತಂದಾಗಲೂ ಅದರ ತೋಟೆಯೊಳಗೆ ಇದ್ದದ್ದು ಇದೇ ಜಾತಿಯ ಮದ್ದು. ಸುಟ್ಟಾಗ ಇದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಬೂದಿ, ಹೊಗೆ, ಕಿಟ್ಟವಾಗಿ ಉಳಿಯುತ್ತದೆ. ಆ ಕಾಲದ ಕುಶಲಕರ್ಮಿಗಳು ಲೋಹದ ದಪ್ಪವನ್ನು ಗೊತ್ತುಮಾಡಿದ್ದು ಈ ಮದ್ದಿನ ಒತ್ತಡ ನೋಡಿಕೊಂಡು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಾಧಿಸಿದ. ಇವತ್ತಿನ ತೋಟೆಗಳಲ್ಲಿರುವುದು ಈ ಜಾತಿಯದೇ. ನೈಟ್ರೊಸೆಲ್ಯುಲೋಸಿನ, ಅಂದರೆ ಹತ್ತಿಯಂಥ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿದ ಈ ಮದ್ದು ಬಹುಪಾಲು ಅನಿಲವೇ ಆಗಿಬಿಡುತ್ತದೆ. ಅದು ಉರಿಯುವ ನಿಯಮವನ್ನು ಗುರುತಿಸಿದವನೂ ಅವನೇ: ಒತ್ತಡ ಏರಿದಷ್ಟೂ ಉರಿಯುವ ವೇಗ ಏರುತ್ತದೆ. ಮಂಡ್ಯದ ಆಲೆಮನೆಯಲ್ಲಿ ಒಲೆಗೆ ಒಬ್ಬ ಕೂತು ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ಹಾಕುತ್ತಾನೆ, ಬೆಂಕಿ ಅವನ ಕೈಯಳತೆಯಲ್ಲಿರುತ್ತದೆ. ಹೊಗೆಯಿಲ್ಲದ ಮದ್ದಿನ ಒಲೆಗೆ ಆ ಮನುಷ್ಯ ಇಲ್ಲ; ಕಾವು ಏರಿದಂತೆ ಅದೇ ಇನ್ನಷ್ಟು ವೇಗವಾಗಿ ರಚ್ಚು ಎಳೆದುಕೊಳ್ಳುತ್ತದೆ. ಅನಿಲ ಒತ್ತಡ ಹೆಚ್ಚಿಸುತ್ತದೆ, ಒತ್ತಡ ಉರಿಯನ್ನು ಹೆಚ್ಚಿಸುತ್ತದೆ, ಉರಿ ಮತ್ತೆ ಅನಿಲ ಕೊಡುತ್ತದೆ. ಕರಿಮದ್ದಿನಲ್ಲೂ ಒತ್ತಡದ ಪ್ರಭಾವ ಇದೆ, ಆದರೆ ಇಷ್ಟು ತೀವ್ರವಾಗಿಲ್ಲ.

ಈ ಏರಿಕೆ ಮೊದಲು ಬಂದು ಬಡಿಯುವುದು ತೋಟೆ ಕೂರುವ ಗೂಡಿನ ಗೋಡೆಗೆ. ಗೋಡೆ ತೆಳುವಾದಷ್ಟೂ ಲೋಹದ ಮೇಲಿನ ಎಳೆತ ಹೆಚ್ಚು. ಪುಟ್ಟ ರಿವಾಲ್ವರನ್ನು ಜೇಬಿಗೆ ಹಿಡಿಸುವಂತೆ ಮಾಡುವಾಗ ಮೊದಲು ಸವೆಸುವುದೇ ಈ ಗೋಡೆಯನ್ನು. ಅದೂ ಸಾಲದೆಂಬಂತೆ, ಗೂಡುಗಳಿರುವ ಉರುಳೆ, ಅಂದರೆ ಸಿಲಿಂಡರ್, ತಿರುಗಿ ನಿಲ್ಲಲು ಹೊರಮೈಯಲ್ಲಿ ಕೊರೆದ ಕಚ್ಚು ಅನೇಕ ಆರು ಗುಂಡಿನ ಮಾದರಿಗಳಲ್ಲಿ ನೇರ ಗೂಡಿನ ನೆತ್ತಿಗೇ ಬರುತ್ತದೆ. ಇನ್ನು “ಆಗಿನ ಕಬ್ಬಿಣ”: ಆಗಿನ ಅಗ್ಗದ ರಿವಾಲ್ವರುಗಳಲ್ಲಿ ಮೆದು ಕಬ್ಬಿಣ, ಕಿಟ್ಟದ ಎಳೆಗಳಿರುವ ಕಬ್ಬಿಣ ಸಾಮಾನ್ಯ. ಇವತ್ತಿನ ಉಷ್ಣಸಂಸ್ಕಾರ ಪಡೆದ ಮಿಶ್ರಲೋಹದ ಉಕ್ಕಿನ ಮುಂದೆ ಅದು ದುರ್ಬಲ. ಪೂಜೆಗೆ ಅರ್ಹ, ಪರೀಕ್ಷೆಗೆ ಅಲ್ಲ.

ಗುರುತಿಸುವ ದಾರಿ ಲೋಹದ ಮೇಲೇ ಬರೆದಿದೆ. ಮೊದಲು ತುಂಬಿದೆಯೆಂದೇ ಭಾವಿಸಿ, ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಗೂಡುಗಳೆಲ್ಲ ಖಾಲಿಯೆಂದು ಬಲ್ಲವರಿಂದ ಖಾತ್ರಿಮಾಡಿಕೊಳ್ಳಿ. ಆಮೇಲೆ ಭೂತಗನ್ನಡಿ ಹಿಡಿದು ನಳಿಗೆ, ಸಿಲಿಂಡರ್ ನೋಡಿ. ಅಂಡಾಕಾರದೊಳಗೆ ಇ ಎಲ್ ಜಿ ಅಕ್ಷರಗಳಿದ್ದರೆ ಬಂದೂಕುಗಳ ಗಟ್ಟಿತನ ಪರೀಕ್ಷಿಸುವ ಬೆಲ್ಜಿಯಂನ ಲಿಯೇಜ್ ಪರೀಕ್ಷಾಗೃಹದ ಮುದ್ರೆ. ಕಿರೀಟದಡಿ ಅಡ್ಡಕ್ಕಡ್ಡ ರಾಜದಂಡಗಳಿದ್ದರೆ 1813ರಲ್ಲಿ ಶುರುವಾದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ್ದು. ಇಂಗ್ಲಿಷ್ ಬಂದೂಕಿನಲ್ಲಿ ಎನ್ ಪಿ ಎಂಬ ಮುದ್ರೆ ಕಂಡರೆ ಅದು ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. ಆದರೆ ಆಗಿನ ತೋಟೆಗೆ, ಆಗಿನ ಲೋಹಸ್ಥಿತಿಯಲ್ಲಿ. ಆ ಮುದ್ರೆಯಿಲ್ಲದ ಹಳೆಯದನ್ನು ಕರಿಮದ್ದಿನದೆಂದೇ ತಿಳಿಯಿರಿ.

ಹೊಸ ತೋಟೆ ಹೊಂದುತ್ತದೋ ಎಂದು ತುರುಕಿ ನೋಡುವುದೇ ಎಲ್ಲಕ್ಕಿಂತ ಕೆಟ್ಟ ಅಳತೆ. ಪಾಯಿಂಟ್ 32, ಅಂದರೆ ಸುಮಾರು 0.32 ಅಂಗುಲ ಅಗಲದ್ದು, ಎಂಬ ಒಂದೇ ಹೆಸರಿನಡಿ ಉದ್ದ, ಗಿಡ್ಡ ಹಲವು ತೋಟೆಗಳಿವೆ; ಗೂಡು ಕೊನೆಯವರೆಗೂ ಒಂದೇ ಅಗಲಕ್ಕೆ ಕೊರೆದಿದ್ದರೆ ಹೆಚ್ಚು ಮದ್ದು ಹಿಡಿಯುವ ಉದ್ದನೆಯದೂ ಒಳಗೆ ಹೋಗಿಬಿಡುತ್ತದೆ. ಬಲ್ಲ ಕೋವಿ ರಿಪೇರಿಯವರು ಬೇಗ ಕರಗುವ ಮಿಶ್ರಲೋಹ ಹೊಯ್ದು ಗೂಡಿನ ಅಚ್ಚು ತೆಗೆದು ಅಳೆಯುತ್ತಾರೆ.

ಕಾನೂನಿನ ಮಾತೂ ಸ್ಪಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆ ರಿಪೇರಿ ಮಾಡಿದರೂ ಹಾರದ ಪುರಾತನ ಬಂದೂಕಿಗೆ ವಿನಾಯಿತಿ ಕೊಡುತ್ತದೆ. ಹಾರಬಲ್ಲದ್ದಕ್ಕೆ ಲೈಸೆನ್ಸ್ ಬೇಕು. ಆ ವಿನಾಯಿತಿ ನಿಮ್ಮದಕ್ಕೆ ಸಲ್ಲುತ್ತದೆಂದು ನೀವೇ ತೀರ್ಮಾನಿಸಬೇಡಿ, ಲೈಸೆನ್ಸ್ ಕೊಡುವ ಅಧಿಕಾರಿಯನ್ನು ಕೇಳಿ. ಲೈಸೆನ್ಸಿದ್ದು, ಬಿರುಕು, ಸಡಿಲ, ತುಕ್ಕಿನ ಗುಳಿಗಳಿಲ್ಲವೆಂದು ಪರಿಣತರು ಒಪ್ಪಿ, ಮೂಲ ಅಳತೆಯ ಕರಿಮದ್ದಿನ ತೋಟೆಯೇ ಸಿಕ್ಕರೂ ಮೊದಲ ಗುಂಡನ್ನು ಕೈಯಲ್ಲಿ ಹಿಡಿದು ಹಾರಿಸುವಂತಿಲ್ಲ. ರಿವಾಲ್ವರನ್ನು ಶೂಟಿಂಗ್ ರೇಂಜಿನಲ್ಲಿ ಭದ್ರವಾಗಿ ಕಟ್ಟಿಹಾಕಿ, ಮರೆಯಲ್ಲಿ ದೂರ ನಿಂತು, ಟ್ರಿಗರಿಗೆ ಬಿಗಿದ ದಾರ ಎಳೆಯುತ್ತಾರೆ.