ಕಸದ ತೊಟ್ಟಿಗೆ ಬಿದ್ದ ವೇಷ: ಸೂಪರ್‌ಹೀರೊ ಎರಡನೇ ಭಾಗ ಗೆಲ್ಲುವುದು ಹೇಗೆ?

ಕತ್ತಲ ಓಣಿ, ಸುರಿಯುವ ಮಳೆ. ಕಸದ ತೊಟ್ಟಿಯ ಅಂಚಿನಲ್ಲಿ ಕೆಂಪು-ನೀಲಿ ಬಟ್ಟೆಯೊಂದು ಜೋತುಬಿದ್ದಿದೆ. ಬೆನ್ನು ಹಾಕಿದ ಹುಡುಗನೊಬ್ಬ ದೂರ ನಡೆದು ಹೋಗುತ್ತಿದ್ದಾನೆ. ಇದು 1967ರಲ್ಲಿ ಬಂದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸಿನ 50ನೇ ಸಂಚಿಕೆಯ ಚಿತ್ರ. ಬರೆದವರು ಸ್ಟಾನ್ ಲೀ, ಚಿತ್ರಿಸಿದವರು ಜಾನ್ ರೊಮಿಟಾ. 37 ವರ್ಷಗಳ ನಂತರ ನಿರ್ದೇಶಕ ಸ್ಯಾಮ್ ರೈಮಿ ಈ ಚಿತ್ರವನ್ನು ಹೆಚ್ಚುಕಡಿಮೆ ಹಾಗೆಯೇ ತೆರೆಗೆ ತಂದರು. ಸೂಪರ್‌ಹೀರೊ ಚಿತ್ರದ ಸೀಕ್ವೆಲ್ ಯಾಕೆ ಗೆಲ್ಲುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದೇ ದೃಶ್ಯವನ್ನು.

ಮೊದಲ ಭಾಗಕ್ಕೆ ಕಥೆ ತಾನಾಗಿಯೇ ಸಿಗುತ್ತದೆ. ಸಾಮಾನ್ಯನೊಬ್ಬನಿಗೆ ಶಕ್ತಿ ಬರುತ್ತದೆ, ಅದನ್ನು ಬಳಸಲು ಕಲಿಯುತ್ತಾನೆ, ವೇಷ ತೊಡುತ್ತಾನೆ, ಗೆಲ್ಲುತ್ತಾನೆ. ಎರಡನೇ ಭಾಗ ಶುರುವಾಗುವ ಹೊತ್ತಿಗೆ ಇದೆಲ್ಲ ಮುಗಿದುಹೋಗಿರುತ್ತದೆ. ಆಗ ನಿರ್ಮಾಪಕರಿಗೆ ಮೊದಲು ಹೊಳೆಯುವುದು ಇನ್ನೂ ದೊಡ್ಡ ಖಳ, ಇನ್ನಷ್ಟು ಸ್ಫೋಟ. ಆದರೆ ಜನ ಇಂದಿಗೂ ನೆನೆಯುವ ಎರಡನೇ ಭಾಗಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಪ್ರತಿಯೊಂದರಲ್ಲೂ ನಾಯಕ ಏನನ್ನೋ ಬಿಟ್ಟುಕೊಡುವ ಒಂದು ಗಳಿಗೆ ಇದ್ದೇ ಇರುತ್ತದೆ.

ಇದು ಶುರುವಾಗಿದ್ದು ಸೂಪರ್‌ಮ್ಯಾನ್‌ನಿಂದ. ನಿರ್ಮಾಪಕರಾದ ಸಾಲ್ಕೈಂಡ್ ತಂದೆ-ಮಗ 1977ರಲ್ಲಿ ಎರಡೂ ಭಾಗಗಳನ್ನು ಒಟ್ಟಿಗೇ ಚಿತ್ರಿಸಲು ಹೊರಟರು. ನಿರ್ದೇಶಕ ರಿಚರ್ಡ್ ಡಾನರ್ ಎರಡನೆಯದರ ಬಹುಪಾಲನ್ನು ಮುಗಿಸಿಯೂ ಇದ್ದರು. 1978ರಲ್ಲಿ ಮೊದಲ ಚಿತ್ರ ಭರ್ಜರಿಯಾಗಿ ಗೆದ್ದಿತು, ಆದರೂ ನಿರ್ಮಾಪಕರು ಡಾನರ್ ಅವರನ್ನು ಮತ್ತೆ ಕರೆಯಲಿಲ್ಲ. ಅವರ ಜಾಗಕ್ಕೆ ರಿಚರ್ಡ್ ಲೆಸ್ಟರ್ ಬಂದು ಅನೇಕ ದೃಶ್ಯಗಳನ್ನು ಮರುಚಿತ್ರಿಸಿದರು.

ಎರಡನೇ ಭಾಗದ ತಿರುಳು ಸರಳವಾದದ್ದು. ಪ್ರೇಯಸಿ ಲೋಯಿಸ್ ಜೊತೆ ಬಾಳಲು ಸೂಪರ್‌ಮ್ಯಾನ್ ತನ್ನ ಶಕ್ತಿಯನ್ನೆಲ್ಲ ತೊರೆದು ಮನುಷ್ಯನಾಗುತ್ತಾನೆ. ಮರುದಿನವೇ ರಸ್ತೆ ಬದಿಯ ಹೋಟೆಲಿನಲ್ಲಿ ಲಾರಿ ಚಾಲಕನೊಬ್ಬ ಅವನನ್ನು ಹೊಡೆದು ಕೆಡವುತ್ತಾನೆ. ತನ್ನದೇ ರಕ್ತವನ್ನು ಕ್ರಿಸ್ಟೊಫರ್ ರೀವ್ ಅಚ್ಚರಿಯಿಂದ ನೋಡಿಕೊಳ್ಳುವ ಆ ನೋಟ ಈ ಪ್ರಕಾರದಲ್ಲಿ ನಾನು ಕಂಡ ಅತ್ಯುತ್ತಮ ಅಭಿನಯಗಳಲ್ಲಿ ಒಂದು. ಆದರೆ ಕಳೆದುಕೊಂಡ ಶಕ್ತಿ ಮರಳಿ ಬಂದದ್ದು ಹೇಗೆ? ಬಿಡುಗಡೆಯಾದ ಚಿತ್ರದಲ್ಲಿ ಒಂದು ಹಸಿರು ಸ್ಫಟಿಕ ಕೈಗೆ ಸಿಗುತ್ತದೆ, ಅಷ್ಟೇ. ಡಾನರ್ ಚಿತ್ರಿಸಿದ್ದು ಬೇರೆ: ಮಗನಿಗೆ ಶಕ್ತಿ ಮರಳಿಸಲು ತಂದೆಯ ಛಾಯೆ ತನ್ನಲ್ಲಿ ಉಳಿದಿದ್ದ ಕೊನೆಯ ಚೈತನ್ಯವನ್ನೂ ಧಾರೆಯೆರೆದು ಶಾಶ್ವತವಾಗಿ ಅಳಿದುಹೋಗುತ್ತದೆ. ತಂದೆಯಾಗಿದ್ದವರು ಮಾರ್ಲನ್ ಬ್ರಾಂಡೊ. ಅವರೊಂದಿಗಿನ ಹಣದ ತಕರಾರಿನಿಂದ ನಿರ್ಮಾಪಕರು ಆ ದೃಶ್ಯಗಳನ್ನೇ ಕೈಬಿಟ್ಟರು. ಡಾನರ್ ಆವೃತ್ತಿ 2006ರಲ್ಲಿ ಹೊರಬಂದ ಮೇಲೆಯೇ ಆ ಬೆಲೆ ಏನೆಂದು ಪ್ರೇಕ್ಷಕರಿಗೆ ತಿಳಿದದ್ದು. ಎರಡನ್ನೂ ಒಂದಾದ ಮೇಲೊಂದು ನೋಡಿ. ಕಥೆ ಒಂದೇ, ಎದೆಗೆ ತಾಗುವ ಬಗೆ ಮಾತ್ರ ಬೇರೆ.

ಆಮೇಲಿನದು ಇಳಿಜಾರು. 1983ರ ಮೂರನೇ ಭಾಗ ಹಾಸ್ಯದ ಕಡೆ ವಾಲಿತು. 1987ರ ನಾಲ್ಕನೆಯದರ ಬಜೆಟ್ಟಿಗೆ ಅರ್ಧದಷ್ಟು ಕತ್ತರಿ ಬಿತ್ತು, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಪಟ್ಟಣವನ್ನೇ ನ್ಯೂಯಾರ್ಕಿನ ವಿಶ್ವಸಂಸ್ಥೆ ಎಂದು ತೋರಿಸಬೇಕಾಯಿತು. ಬ್ಯಾಟ್‌ಮ್ಯಾನ್ ಸರಣಿಯನ್ನು ಹಿಂಡಿದ್ದು ಆಟಿಕೆಗಳ ವ್ಯಾಪಾರ. ಟಿಮ್ ಬರ್ಟನ್ ಅವರ 1992ರ ಎರಡನೇ ಭಾಗ ಮಕ್ಕಳಿಗೆ ತೀರಾ ಕರಾಳವಾಯಿತು ಎಂದು ಪೋಷಕರು ದೂರಿದರು. ಸ್ಟುಡಿಯೊ ಬಣ್ಣದ ಕಡೆಗೆ ಹೊರಳಿತು. 1997ರ ನಾಲ್ಕನೇ ಚಿತ್ರದ ಸೋಲಿನ ನಂತರ ಎಂಟು ವರ್ಷ ಬ್ಯಾಟ್‌ಮ್ಯಾನ್ ತೆರೆಗೆ ಬರಲಿಲ್ಲ.

ಇಂಥ ಇತಿಹಾಸ ಬೆನ್ನಿಗಿರುವಾಗಲೇ 2004ರ ಜೂನ್ 30ರಂದು ‘ಸ್ಪೈಡರ್‌ಮ್ಯಾನ್ 2’ ಬಂತು. ಚಿತ್ರಕಥೆ ಆಲ್ವಿನ್ ಸಾರ್ಜೆಂಟ್ ಅವರದು. ಸೂಪರ್‌ಹೀರೊಗಳಿಗಿಂತ ಸಂಸಾರದ ಕಥೆಗಳಲ್ಲಿ ಪಳಗಿದ ಕೈ. ಮಗನನ್ನು ಕಳೆದುಕೊಂಡ ಕುಟುಂಬವೊಂದರ ಕಥೆಯಾದ ‘ಆರ್ಡಿನರಿ ಪೀಪಲ್’ ಚಿತ್ರಕ್ಕೆ ಆಸ್ಕರ್ ಪಡೆದವರು. ಅವರ ಛಾಪು ಮೊದಲ ದೃಶ್ಯದಲ್ಲೇ ಕಾಣುತ್ತದೆ. ಊರನ್ನು ಕಾಯುವ ವೀರ, ವೇಷವಿಲ್ಲದಾಗ ಪೀಟರ್ ಪಾರ್ಕರ್ ಎಂಬ ಹುಡುಗ, ಪಿಜ್ಜಾ ಹೊತ್ತು ಓಡುತ್ತಿದ್ದಾನೆ, ತಡವಾಗಿ ತಲುಪಿ ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಬಾಕಿ. ಕಾಲೇಜಿಗೆ ಸರಿಯಾಗಿ ಹೋಗಲಾಗುತ್ತಿಲ್ಲ. ಸಾಕಿ ಬೆಳೆಸಿದ ದೊಡ್ಡಮ್ಮನ ಮನೆ ಬ್ಯಾಂಕಿನ ಪಾಲಾಗುವುದರಲ್ಲಿದೆ. ತಾನು ಪ್ರೀತಿಸುವ ಮೇರಿ ಜೇನ್‌ಳ ನಾಟಕಕ್ಕೆ ಹೋಗುತ್ತೇನೆಂದು ಮಾತು ಕೊಟ್ಟು, ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿದೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ನಮ್ಮ ಗಾದೆ ಪೀಟರ್ ಪಾರ್ಕರ್‌ನನ್ನು ನೋಡಿಯೇ ಹುಟ್ಟಿತೇನೋ ಅನ್ನಿಸುತ್ತದೆ. ಕೊನೆಗೆ ಮೈಯೇ ಮುಷ್ಕರ ಹೂಡುತ್ತದೆ: ಬಲೆ ಚಿಮ್ಮುವುದಿಲ್ಲ, ಗೋಡೆ ಹತ್ತಿದರೆ ಜಾರುತ್ತಾನೆ. ವೇಷ ತೊಟ್ಟಿಗೆ ಬೀಳುವುದು ಆಗ.

ಖಳನನ್ನೂ ಇದೇ ತಕ್ಕಡಿಯಲ್ಲಿ ತೂಗಿದ್ದಾರೆ. ಆಲ್ಫ್ರೆಡ್ ಮೊಲಿನಾ ಅವರ ಆಟೊ ಆಕ್ಟೇವಿಯಸ್ ಶುರುವಿನಲ್ಲಿ ಪೀಟರ್‌ಗೆ ಮನೆಯಲ್ಲಿ ಕೂರಿಸಿ ಊಟ ಹಾಕುವ ವಿಜ್ಞಾನಿ, ಹೆಂಡತಿಯನ್ನು ಪ್ರೀತಿಸುವ ಗಂಡ. ಶಕ್ತಿ ಉತ್ಪಾದಿಸುವ ಹೊಸ ಯಂತ್ರದ ಕನಸನ್ನು ಬಿಟ್ಟುಕೊಡಲಾರದೆ ಹೆಂಡತಿಯನ್ನೂ ತನ್ನನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ತನ್ನ ಯಂತ್ರವನ್ನು ತಾನೇ ನದಿಯಲ್ಲಿ ಮುಳುಗಿಸಿ, ಅದರೊಂದಿಗೆ ತಾನೂ ಮುಳುಗುತ್ತಾನೆ.

ಆದರೂ ನನಗೆ ಈ ಚಿತ್ರದ ಎತ್ತರ ಕಾಣುವುದು ಅಡುಗೆಮನೆಯ ಮೇಜಿನ ಮುಂದೆ. ದೊಡ್ಡಪ್ಪ ಬೆನ್ ಸಾವಿಗೆ ತಾನೇ ಕಾರಣ ಎಂದು ಪೀಟರ್ ದೊಡ್ಡಮ್ಮನಿಗೆ ಹೇಳುತ್ತಾನೆ. ಅವಳು ಬಯ್ಯುವುದಿಲ್ಲ. ಹಿಡಿದಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಎದ್ದು ಹೋಗುತ್ತಾಳೆ. ರೈಲಿನ ದೃಶ್ಯ ಎಲ್ಲರಿಗೂ ನೆನಪಿದೆ: ಮುಖವಾಡ ಕಳೆದುಕೊಂಡು ಪ್ರಜ್ಞೆ ತಪ್ಪಿದ ಹುಡುಗನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ, ಇಬ್ಬರು ಚಿಕ್ಕ ಹುಡುಗರು ಮುಖವಾಡ ಹಿಂದಿರುಗಿಸುತ್ತಾರೆ. ಅಡುಗೆಮನೆಯ ಆ ಮೌನ ಇಲ್ಲದಿದ್ದರೆ ರೈಲಿನ ಆ ಅಕ್ಕರೆಗೆ ಇಷ್ಟು ತೂಕ ಬರುತ್ತಿರಲಿಲ್ಲ.

ಗಳಿಕೆಯ ಲೆಕ್ಕ ಮಾತ್ರ ವಿಚಿತ್ರವಾಗಿದೆ. 2002ರ ಮೊದಲ ಭಾಗ ವಿಶ್ವದಾದ್ಯಂತ ಸುಮಾರು 82 ಕೋಟಿ ಡಾಲರ್ ತಂದರೆ ಎರಡನೆಯದು ತಂದದ್ದು ಸುಮಾರು 78 ಕೋಟಿ. 2007ರ ಮೂರನೆಯದು ಎಲ್ಲಕ್ಕಿಂತ ಹೆಚ್ಚು, ಸುಮಾರು 89 ಕೋಟಿ. ಆದರೆ ಆ ಮೂರನೇ ಭಾಗದಲ್ಲಿ ಸ್ಯಾಂಡ್‌ಮ್ಯಾನ್, ಪೀಟರ್‌ನ ಗೆಳೆಯ ಹ್ಯಾರಿ, ವೆನಮ್ ಎಂದು ಮೂವರು ಎದುರಾಳಿಗಳು. ವೆನಮ್ ಬಗ್ಗೆ ರೈಮಿಗೆ ಒಲವಿರಲಿಲ್ಲ, ಅಭಿಮಾನಿಗಳು ಬಯಸುತ್ತಾರೆ ಎಂದು ನಿರ್ಮಾಪಕರು ಒಪ್ಪಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತು. ನಾಲ್ಕನೇ ಭಾಗ 2010ರ ಜನವರಿಯಲ್ಲಿ ರದ್ದಾಯಿತು. ಟಿಕೆಟ್ ಕಿಟಕಿಯ ಗೆಲುವು ಅನೇಕ ಸಲ ಹಿಂದಿನ ಭಾಗ ಗಳಿಸಿದ ವಿಶ್ವಾಸದ ಬಡ್ಡಿ ಎಂದು ನಾನು ನಂಬಿರುವುದು ಇದರಿಂದಲೇ.

ಎರಡೂ ಬಗೆಯ ಗೆಲುವು ಒಟ್ಟಿಗೆ ದಕ್ಕಿದ್ದು ಹೊಸದಾಗಿ ಶುರುವಾದ ಬ್ಯಾಟ್‌ಮ್ಯಾನ್ ಸರಣಿಯ ಎರಡನೇ ಭಾಗವಾದ 2008ರ ‘ದ ಡಾರ್ಕ್ ನೈಟ್’ಗೆ. ಮೂರು ವರ್ಷದ ಹಿಂದಿನ ಮೊದಲ ಭಾಗದ ಗಳಿಕೆ ಸುಮಾರು 37 ಕೋಟಿ ಡಾಲರ್ ಇದ್ದದ್ದು ಇಲ್ಲಿ 100 ಕೋಟಿ ದಾಟಿತು. ಬಿಡುಗಡೆಗೆ ಆರು ತಿಂಗಳ ಮೊದಲೇ ತೀರಿಕೊಂಡ, ಖಳ ಜೋಕರ್ ಆಗಿದ್ದ ಹೀತ್ ಲೆಡ್ಜರ್‌ಗೆ ಮರಣೋತ್ತರ ಆಸ್ಕರ್ ಬಂತು. ಎಲ್ಲರೂ ಜೋಕರ್ ಬಗ್ಗೆಯೇ ಮಾತಾಡುತ್ತಾರೆ, ಅದು ನ್ಯಾಯವೇ. ಆದರೆ ಕೊನೆಗೆ ಬ್ಯಾಟ್‌ಮ್ಯಾನ್ ಏನು ಮಾಡುತ್ತಾನೆ ನೋಡಿ: ಊರು ನಂಬಿದ್ದ ಸರ್ಕಾರಿ ವಕೀಲ ಹಾರ್ವಿ ಡೆಂಟ್ ಮಾಡಿದ ಕೊಲೆಗಳನ್ನು ತನ್ನ ತಲೆಗೆ ಕಟ್ಟಿಕೊಂಡು, ನಾಯಿಗಳು ಅಟ್ಟಿಸಿಕೊಂಡು ಬರುವಾಗ ಓಡಿಹೋಗುತ್ತಾನೆ. ಅವನು ಬಿಟ್ಟುಕೊಟ್ಟದ್ದು ತನ್ನ ಹೆಸರನ್ನು. 2014ರ ‘ವಿಂಟರ್ ಸೋಲ್ಜರ್’ನಲ್ಲಿ ಕ್ಯಾಪ್ಟನ್ ಅಮೆರಿಕ ಹಳೆಯ ಗೆಳೆಯನೆದುರು ಗುರಾಣಿಯನ್ನೇ ಕೈಬಿಡುತ್ತಾನೆ. 2021ರ ‘ನೋ ವೇ ಹೋಮ್’ನಲ್ಲಿ, ಮೊಲಿನಾ 17 ವರ್ಷಗಳ ನಂತರ ಮರಳಿದ ಚಿತ್ರದಲ್ಲಿ, ಪೀಟರ್‌ನನ್ನು ಇಡೀ ಜಗತ್ತೇ ಮರೆಯುತ್ತದೆ. ಹಾಗಾಗಲಿ ಎಂದು ಕೇಳಿಕೊಂಡವನೂ ಅವನೇ.

ಇದನ್ನು ಸೂತ್ರವೆಂದು ಹಿಡಿದುಕೊಂಡರೆ ಕೈ ಸುಡುತ್ತದೆ. 2024ರ ‘ಜೋಕರ್’ ಎರಡನೇ ಭಾಗದಲ್ಲೂ ತ್ಯಾಗವಿದೆ: ಜೋಕರ್ ಎಂಬುವನೇ ಇಲ್ಲ ಎಂದು, ಆ ವೇಷದ ಹಿಂದಿನ ಮನುಷ್ಯ ಆರ್ಥರ್ ನ್ಯಾಯಾಲಯದಲ್ಲಿ ವೇಷ ಕಳಚುತ್ತಾನೆ. 100 ಕೋಟಿ ಡಾಲರ್ ದಾಟಿದ್ದ ಚಿತ್ರದ ಮುಂದುವರಿಕೆ ಸುಮಾರು 20 ಕೋಟಿಗೆ ನಿಂತಿತು. ಪೀಟರ್ ಬಿಟ್ಟುಕೊಟ್ಟಾಗ ಅವನು ಮರಳಿ ಬರಲಿ ಎಂದು ನಾವು ಹಂಬಲಿಸುತ್ತೇವೆ. ಆರ್ಥರ್ ಬಿಟ್ಟುಕೊಟ್ಟ ಮೇಲೆ ನಾವು ಹಂಬಲಿಸಲು ಆ ಚಿತ್ರ ಏನನ್ನೂ ಉಳಿಸಲಿಲ್ಲ. 2023ರ ‘ದ ಮಾರ್ವಲ್ಸ್’ ಸೋತದ್ದಕ್ಕೆ ಕಾರಣ ಬೇರೆ. ಅದರ ಮೂವರು ನಾಯಕಿಯರಲ್ಲಿ ಇಬ್ಬರ ಹಿನ್ನೆಲೆ ಅರಿಯಲು ಹಿಂದಿನ ಟಿವಿ ಸರಣಿಗಳನ್ನೂ ನೋಡಿರಬೇಕಿತ್ತು. ಚಿತ್ರಮಂದಿರಕ್ಕೆ ಬರುವವರಿಗೆ ಮನೆಪಾಠ ಕೊಡಬಾರದು.

ಅದೇ ವರ್ಷ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿದ್ದ ಕನ್ನಡವೂ ಅದರಲ್ಲೊಂದು. 2018ರ ಮೊದಲ ಭಾಗದ ಗಳಿಕೆ ಸುಮಾರು 38 ಕೋಟಿ ಡಾಲರ್ ಇದ್ದರೆ ಇದರದು ಸುಮಾರು 69 ಕೋಟಿ. ಇಲ್ಲಿ ಸ್ಪೈಡರ್‌ಮ್ಯಾನ್ ಆದ ಹುಡುಗ ಮೈಲ್ಸ್‌ಗೆ ಬೇರೆ ಬೇರೆ ಲೋಕಗಳ ಹಿರಿಯ ಸ್ಪೈಡರ್‌ಮ್ಯಾನ್‌ಗಳೆಲ್ಲ ಸೇರಿ ಹೇಳುತ್ತಾರೆ: ನಿನ್ನ ಅಪ್ಪ ಸಾಯಲೇಬೇಕು, ನಾವೆಲ್ಲರೂ ಯಾರನ್ನೋ ಕಳೆದುಕೊಂಡವರೇ, ವೀರನ ಕಥೆ ನಡೆಯುವುದೇ ಹೀಗೆ. ನಾಲ್ಕು ದಶಕಗಳಿಂದ ನಾಯಕರೆಲ್ಲ ತೆತ್ತುಕೊಂಡು ಬಂದ ಬೆಲೆಯನ್ನು ಈ ಹುಡುಗ ಕೊಡುವುದಿಲ್ಲ ಎನ್ನುತ್ತಾನೆ. ನೂರಾರು ಸ್ಪೈಡರ್‌ಮ್ಯಾನ್‌ಗಳು ಬೆನ್ನಟ್ಟುತ್ತಿರುವಾಗ ಅಪ್ಪನನ್ನು ಉಳಿಸಲು ಓಡುತ್ತಾನೆ, ತಪ್ಪಿ ಬೇರೆ ಯಾವುದೋ ಲೋಕಕ್ಕೆ ಬಂದು ಬೀಳುತ್ತಾನೆ. ಕಟ್ಟಿಹಾಕಲ್ಪಟ್ಟ ಅವನೆದುರು ಅವನದೇ ಮುಖದ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಅಪ್ಪ ಉಳಿದನೇ ಎಂದು ತಿಳಿಯುವ ಮೊದಲೇ ಚಿತ್ರ ನಿಂತುಬಿಡುತ್ತದೆ.