ಮೀಮ್ ಕಾಯಿನ್: ಮೊದಲು ಹೆಸರು, ಆಮೇಲೆ ಬೀಗ

ಪ್ರಶ್ನೆ: ಗೋಣಿಕೊಪ್ಪದ ನಾವು ಮೂವರು ಗೆಳೆಯರು ಕಿತ್ತಳೆಯ ಚಿತ್ರ ಹಾಕಿ ಸೊಲಾನಾ ಬ್ಲಾಕ್‌ಚೈನ್‌ನಲ್ಲಿ ಒಂದು ಮೀಮ್ ಕಾಯಿನ್ (ತಮಾಷೆಯ ಚಿತ್ರದ ಹೆಸರಲ್ಲಿ ಬಿಡುವ ಕ್ರಿಪ್ಟೋ ಟೋಕನ್) ಬಿಡೋಣ ಅಂದುಕೊಂಡಿದ್ದೇವೆ, ತಮಾಷೆಗೇ. ಆದರೆ ನಾಳೆ ಸಂತೆಯಲ್ಲಿ ಯಾರೂ ಕೊರಳಪಟ್ಟಿ ಹಿಡಿಯಬಾರದು. ಸೇಫಾಗಿ ಮಾಡುವುದು ಹೇಗೆ?

ಟೋಕನ್ ಹುಟ್ಟಿಸುವುದು ಹತ್ತು ನಿಮಿಷದ ಕೆಲಸ. ಅಪಾಯ ಇರುವುದು ಅದಾದ ಮೇಲೂ ನಿಮ್ಮ ಕೈಯಲ್ಲೇ ಉಳಿಯುವ ಅಧಿಕಾರಗಳಲ್ಲಿ. ಮಿಂಟ್ ಅಥಾರಿಟಿ ಇದ್ದರೆ ಬೇಕಾದಾಗ ಹೊಸ ಟೋಕನ್ ಅಚ್ಚು ಹಾಕಬಹುದು. ಫ್ರೀಜ್ ಅಥಾರಿಟಿ ಇದ್ದರೆ ಕೊಂಡವರು ಮಾರದಂತೆ ಅವರ ಖಾತೆಯನ್ನೇ ಕಟ್ಟಿಹಾಕಬಹುದು. ಎಲ್‌ಪಿ ಟೋಕನ್, ಅಂದರೆ ಪೂಲ್‌ಗೆ (ಜನ ಟೋಕನ್ ಕೊಂಡು ಮಾರುವ ಹುಂಡಿಗೆ) ದುಡ್ಡು ಹಾಕಿದ್ದಕ್ಕೆ ಸಿಗುವ ರಸೀದಿ, ಇದ್ದರೆ ಪೂಲ್‌ನ ದುಡ್ಡನ್ನು ರಾತ್ರೋರಾತ್ರಿ ಎಳೆದುಕೊಳ್ಳಬಹುದು. ರಗ್ ಪುಲ್ ಅನ್ನುವುದು ಇದಕ್ಕೇ. ಈ ಮೂರನ್ನೂ ಬಿಟ್ಟುಕೊಡಿ.

ಎಡವುವುದು ಬಿಡುವ ಕ್ರಮದಲ್ಲಿ. ಟೋಕನ್‌ಗೆ ಹೆಸರು, ಚಿಹ್ನೆ, ಚಿತ್ರ ಕೊಡುವ ಮೆಟಾಡೇಟಾ ಸೇರಿಸಲು ಮಿಂಟ್ ಅಥಾರಿಟಿಯ ಸಹಿ ಬೇಕು. ಅದನ್ನು ಮೊದಲೇ ರದ್ದು ಮಾಡಿದರೆ ನಿಮ್ಮ ಕಿತ್ತಳೆ ಹೆಸರಿಲ್ಲದ ಕೂಸು, ಶಾಶ್ವತವಾಗಿ. ಹಾಗಾಗಿ ಮೊದಲು ಟೋಕನ್, ಆಮೇಲೆ ಮೆಟಾಡೇಟಾ, ನಂತರ ಪೂರ್ತಿ ಸಂಖ್ಯೆಯ ಮಿಂಟ್, ಅದಾದ ಮೇಲೆ ರದ್ದು, ಕೊನೆಗೆ ಪೂಲ್. ಸೊಲಾನಾದ ಅಭ್ಯಾಸದ ಜಾಲವಾದ ಡೆವ್‌ನೆಟ್‌ನಲ್ಲಿ ಪುಕ್ಕಟೆ ಸೋಲ್ (ಸೊಲಾನಾದ ನಾಣ್ಯ) ಸಿಗುತ್ತದೆ. ಅಲ್ಲಿ ಎರಡು ಸಲ ಇದನ್ನೆಲ್ಲ ಮಾಡಿ ನೋಡಿ. ಅಧಿಕೃತ ಕಮಾಂಡ್ ಲೈನ್ ಟೂಲ್‌ನಲ್ಲಿ ನೀವಾಗಿ ಕೇಳದಿದ್ದರೆ ಫ್ರೀಜ್ ಅಥಾರಿಟಿ ಹುಟ್ಟುವುದೇ ಇಲ್ಲ. "ಒಂದೇ ಕ್ಲಿಕ್‌ನಲ್ಲಿ ಟೋಕನ್" ಅನ್ನುವ ಸೈಟುಗಳಲ್ಲಿ ಅದು ಯಾರ ಹೆಸರಲ್ಲಿದೆ ಎಂದು ಎಕ್ಸ್‌ಪ್ಲೋರರ್‌ನಲ್ಲಿ (ಬ್ಲಾಕ್‌ಚೈನ್‌ನ ದಾಖಲೆ ತೋರಿಸುವ ಸೈಟಿನಲ್ಲಿ) ಕಣ್ಣಾರೆ ನೋಡಿ. ವಾಲೆಟ್‌ನ ಕೀಲಿಯಾದ ಗುಟ್ಟಿನ ಪದಗಳನ್ನು, ಅಂದರೆ ಸೀಡ್ ಫ್ರೇಸ್ ಕೇಳಿದರಂತೂ ಆ ಪುಟವನ್ನೇ ಮುಚ್ಚಿ.

ಟೋಕನ್‌ಗೆ ದಶಾಂಶ ಸ್ಥಾನ 6 ಸಾಕು. 9 ಇಟ್ಟರೆ ಒಟ್ಟು ಟೋಕನ್ ಸುಮಾರು 1,844 ಕೋಟಿ ದಾಟುವುದಿಲ್ಲ. ಲೆಕ್ಕ ಇಡುವ 64 ಬಿಟ್‌ನ ಜಾಗ ಅಷ್ಟೇ.

ಇನ್ನು ಪೂಲ್. 100 ಕೋಟಿ ಟೋಕನ್ ಮಾಡಿ, 80 ಕೋಟಿಯನ್ನು 10 ಸೋಲ್ ಜೊತೆ ಪೂಲ್‌ಗೆ ಹಾಕಿ, 20 ಕೋಟಿ ನೀವೇ ಇಟ್ಟುಕೊಂಡಿರಿ ಎನ್ನಿ. ಎರಡರ ಗುಣಲಬ್ಧ ಬದಲಾಗಬಾರದು ಎನ್ನುವುದು ಪೂಲ್‌ನ ನಿಯಮ. ಯಾರೋ 10 ಸೋಲ್ ಕೊಟ್ಟು ಕೊಂಡರೆ ಪೂಲ್‌ನಲ್ಲಿ 20 ಸೋಲ್, 40 ಕೋಟಿ ಟೋಕನ್. ಬೆಲೆ ನಾಲ್ಕು ಪಟ್ಟು. ಈಗ ನೀವು ಆ 20 ಕೋಟಿ ಸುರಿದರೆ, ಶುಲ್ಕವನ್ನು ಲೆಕ್ಕಕ್ಕೆ ಹಿಡಿಯದೆ, ನಿಮಗೆ 6.67 ಸೋಲ್. ಆಮೇಲೆ ಆತ ತನ್ನ 40 ಕೋಟಿಯನ್ನೂ ಮಾರಿದರೆ ಸಿಗುವುದು 5.33. ಮೂರೂ ಅಧಿಕಾರ ಬಿಟ್ಟಿದ್ದರೂ ಹೀಗೆ ಆಗುತ್ತದೆ, ಅದಕ್ಕೇ ಇಷ್ಟು ಉದ್ದಕ್ಕೆ ಹೇಳಿದ್ದು. ನಿಮ್ಮ ಪಾಲು ಸೊನ್ನೆ ಇರಲಿ. ಇಟ್ಟುಕೊಳ್ಳಲೇಬೇಕೆಂದರೆ ಮೂವರಲ್ಲಿ ಇಬ್ಬರ ಸಹಿ ಬೇಕಾಗುವ ಮಲ್ಟಿಸಿಗ್‌ನಲ್ಲಿಟ್ಟು ಎಷ್ಟೆಂದು ಮೊದಲೇ ಸಾರಿ. ಎಲ್‌ಪಿ ಟೋಕನ್ ಬರ್ನ್ ಮಾಡಿದರೆ, ಅಂದರೆ ಶಾಶ್ವತವಾಗಿ ನಾಶ ಮಾಡಿದರೆ, ಆ 10 ಸೋಲ್ ಹೋಯಿತೆಂದೇ ಲೆಕ್ಕ. ಹೋದರೆ ನೋವಾಗದಷ್ಟೇ ಹಾಕಿ.

ಹೆಸರು ಮತ್ತು ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು, ವಿಳಾಸವನ್ನಲ್ಲ. ಹಾಗಾಗಿ ಟೋಕನ್‌ನ ಗುರುತಾದ ಮಿಂಟ್ ವಿಳಾಸವನ್ನು ಪೂರ್ತಿಯಾಗಿ ಪ್ರಕಟಿಸಿ. ತೋಟದ ವಾಟ್ಸ್ಆ್ಯಪ್ ಗುಂಪಿನಲ್ಲಿ "ದುಪ್ಪಟ್ಟಾಗುತ್ತದೆ" ಎಂದು ಬರೆಯುವುದು ಬೇಡವೇ ಬೇಡ.

ತೆರಿಗೆ: 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ ಶೇ. 30, ಮೇಲೆ ಸೆಸ್. ಬೇರೆ ಯಾವ ನಷ್ಟವನ್ನೂ ಇದರಲ್ಲಿ ವಜಾ ಮಾಡುವಂತಿಲ್ಲ, ಕಾಫಿಯದ್ದನ್ನೂ.

ಸೀಡ್ ಫ್ರೇಸನ್ನು ಪೆನ್ಸಿಲ್‌ನಲ್ಲೇ ಬರೆದಿಡಿ. ನಮ್ಮ ಆಟಿ ಮಳೆಯ ಥಂಡಿಗೆ ಪೆನ್ನಿನ ಶಾಯಿ ಹರಡುತ್ತದೆ, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಸ್ಟೀಲ್ ತಗಡಿನಲ್ಲಿ ಕೊರೆದರೆ ಇನ್ನೂ ಒಳ್ಳೆಯದು.

ಮಿಂಟ್ ಒತ್ತಿದ ಕ್ಷಣವೇ ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತರೆ ಗಾಬರಿಯಿಂದ ಮತ್ತೆ ಒತ್ತಬೇಡಿ. ಸೊಲಾನಾ ವಹಿವಾಟಿನ ಆಯುಸ್ಸು ಸುಮಾರು 150 ಬ್ಲಾಕ್, ಒಂದು ಒಂದೂವರೆ ನಿಮಿಷ. ಅದು ಕಳೆಯಲಿ, ಎಕ್ಸ್‌ಪ್ಲೋರರ್‌ನಲ್ಲಿ ಒಟ್ಟು ಸಂಖ್ಯೆ ನೋಡಿ. ಎರಡು ಸಲ ಆಗಿ 200 ಕೋಟಿ ತೋರಿಸಿದರೆ, ಪೂಲ್ ತೆರೆಯುವ ಮೊದಲೇ ಹೆಚ್ಚಾದದ್ದನ್ನು ಬರ್ನ್ ಮಾಡಿ.