ಪದ ಪರಿಚಯ: ಈ ‘ಕಾಂಪೌಂಡ್’ ಬೆಣ್ಣೆ

‘ಕಾಂಪೌಂಡ್ ಬಟರ್ ಬೇಡ, ಶುದ್ಧ ಬೆಣ್ಣೆಯನ್ನೇ ಹಾಕಿ’ ಎಂಬ ಸಲಹೆ ಅಡುಗೆ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಹೇಳುವವರ ಮನಸ್ಸಿನಲ್ಲಿರುವುದು ವನಸ್ಪತಿ ಬೆರೆಸಿದ ಯಾವುದೋ ಕಲಬೆರಕೆ ಮಾಲು. ಕಾಂಪೌಂಡ್ ಬಟರ್ ಶುದ್ಧ ಬೆಣ್ಣೆಯೇ. ಹೆಚ್ಚಿದ ಸೊಪ್ಪು, ನಿಂಬೆ ಸಿಪ್ಪೆಯ ತುರಿ, ಉಪ್ಪು ಕಲಸಿ ಮತ್ತೆ ಗಟ್ಟಿ ಮಾಡಿರುತ್ತಾರೆ, ಅಷ್ಟೆ.

ತಪ್ಪಿನ ಮೂಲ ಚಾಕೊಲೇಟಿನಲ್ಲಿದೆ. ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೊ ಬೆಣ್ಣೆಯ ಬದಲು ಅಗ್ಗದ ಸಸ್ಯಜನ್ಯ ಕೊಬ್ಬು ಇರುತ್ತದೆ. ಇಂಗಿನ ಡಬ್ಬಿಯ ಮೇಲಿನ ‘ಕಾಂಪೌಂಡೆಡ್’ ಕೂಡ ಹಿಟ್ಟು, ಗೋಂದು ಬೆರೆತಿದೆ ಎಂದೇ ಹೇಳುತ್ತದೆ. ಇವೆರಡನ್ನು ನೋಡಿ ಬೆಣ್ಣೆಗೂ ಅದೇ ಹಣೆಪಟ್ಟಿ ಹಚ್ಚಿದ್ದಾರೆ. ಅದರ ಬದಲು ಹಳೇ ಕ್ಲಿನಿಕ್ಕಿನ ಕಾಂಪೌಂಡರನ್ನು ನೆನಪಿಸಿಕೊಂಡಿದ್ದರೆ ಸಾಕಿತ್ತು. ಡಾಕ್ಟರು ಬರೆದ ಔಷಧಿಗಳನ್ನು ಅಳತೆಗೆ ಸರಿಯಾಗಿ ಕೂಡಿಸಿ ಕೊಡುತ್ತಿದ್ದವರು ಅವರು. ಒಟ್ಟಿಗೆ ಇಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಇದೇ. ಫ್ರೆಂಚ್ ಅಡುಗೆಮನೆಯ ‘ಬರ್ ಕಾಂಪೊಜೆ’, ಅಂದರೆ ಕೂಡಿಸಿದ ಬೆಣ್ಣೆ, ಇಂಗ್ಲಿಷಿಗೆ ಹೋಗಿ ಕಾಂಪೌಂಡ್ ಬಟರ್ ಆಯಿತು. ಮನೆ ಸುತ್ತಲಿನ ಕಾಂಪೌಂಡು ಬೇರೆಯೇ ಕುಲದ್ದು. ಅದು ಮಲಯದ ‘ಕಂಪುಂಗ್’ನಿಂದ ಬಂದಿರಬೇಕು ಎನ್ನುತ್ತವೆ ನಿಘಂಟುಗಳು.

ಕನ್ನಡ ಮಾಡುತ್ತೇವೆಂದು ‘ಸಂಯುಕ್ತ ಬೆಣ್ಣೆ’ ಎಂದು ಬರೆಯುವವರೂ ಇದ್ದಾರೆ. ಎಂಟನೇ ಕ್ಲಾಸಿನ ಹುಡುಗನೂ ನಗುತ್ತಾನೆ: ವಿಜ್ಞಾನದ ಪಾಠದಲ್ಲಿ ನೀರು ಸಂಯುಕ್ತ, ಸೊಪ್ಪು ಕಲಸಿದ ಬೆಣ್ಣೆ ಬರೀ ಮಿಶ್ರಣ. ಪದ ಕೂಡಿಸುವುದೇ ಬೇಕಿದ್ದರೆ ಬೆಣ್ಣೆಯೇ ಕೂಡಿದ ಪದ. ಬೆಳ್ ಅಂದರೆ ಬಿಳಿ, ನೆಯ್ ಅಂದರೆ ಜಿಡ್ಡು. ಬೆಳ್ ನೆಯ್ ಸೇರಿ ಬೆಣ್ಣೆ. ಎಳ್ಳಿನ ನೆಯ್ ಎಣ್ಣೆಯಾಯಿತು, ಬಿಳಿಯ ಉಳ್ಳಿ ಬೆಳ್ಳುಳ್ಳಿಯಾಯಿತು. ಇಂಥ ಭಾಷೆಯಲ್ಲಿ ‘ಸೊಪ್ಪುಬೆಣ್ಣೆ’, ‘ನಿಂಬೆಬೆಣ್ಣೆ’ ಎನ್ನಲು ಏನು ಸಂಕೋಚವೋ.

ಇನ್ನೊಂದು ತಪ್ಪು ಅರ್ಥವನ್ನಲ್ಲ, ಬೆಣ್ಣೆಯನ್ನೇ ಕೆಡಿಸುತ್ತದೆ: ‘ಬೆಣ್ಣೆ ಕರಗಿಸಿ, ಸೊಪ್ಪು ಹಾಕಿ, ಫ್ರಿಜ್ಜಿನಲ್ಲಿಡಿ.’ ಕರಗಿಸಬಾರದು, ಮೆತ್ತಗಾಗಿಸಬೇಕು. ಬೆಣ್ಣೆಯಲ್ಲಿ ನೂರಕ್ಕೆ ಜಿಡ್ಡು ಸುಮಾರು 80 ಭಾಗ, ನೀರು 16ರ ಆಸುಪಾಸು. ಆ ನೀರು ಸಣ್ಣ ಹನಿಗಳಾಗಿ ಜಿಡ್ಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಕರಗಿದರೆ ಆ ಕಟ್ಟು ಬಿಡುತ್ತದೆ. ಮತ್ತೆ ತಣ್ಣಗಾದಾಗ ಮೇಲೆ ಮರಳುಮರಳಾದ ತುಪ್ಪದಂಥ ಪದರ, ತಳದಲ್ಲಿ ನೀರು ಮತ್ತು ಸೊಪ್ಪು. ಬೇಕಾದ ಹದ 18ರಿಂದ 20 ಡಿಗ್ರಿ ಸೆಲ್ಸಿಯಸ್. ಬೆರಳಿಟ್ಟರೆ ಗುಳಿ ಬೀಳಬೇಕು, ತುಂಡಿನ ಆಕಾರ ಉಳಿಯಬೇಕು. ಮೈ ಹೊಳೆಯತೊಡಗಿದರೆ ಹದ ಮೀರಿದೆ. ‘ಅರ್ಧ ಗಂಟೆ ಹೊರಗಿಡಿ’ ಎಂಬ ಲೆಕ್ಕ ಬೇಸಿಗೆಯ ಕಲಬುರಗಿಯಲ್ಲಿ ನಡೆಯದು. ಗಡಿಯಾರ ಬಿಟ್ಟು ಬೆರಳನ್ನು ನಂಬಿ.

100 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ ಸಣ್ಣಗೆ ಹೆಚ್ಚಿದ ಸೊಪ್ಪು ಎರಡು ದೊಡ್ಡ ಚಮಚ, ನಿಂಬೆ ಸಿಪ್ಪೆಯ ತುರಿ ಒಂದು ಚಹಾ ಚಮಚ, ರಸ ಒಂದು ಚಹಾ ಚಮಚ, ಉಪ್ಪು ಕಾಲು ಚಹಾ ಚಮಚ. ಅಂಗಡಿಯ ಉಪ್ಪು ಬೆಣ್ಣೆಯಾದರೆ ಮತ್ತೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ, ತೊಳೆದ ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ತೊಳೆದು, ಮರದ ಸೌಟಿನಲ್ಲಿ ಒತ್ತಿ ನೀರು ಹಿಂಡಿ. ಮಜ್ಜಿಗೆ ಉಳಿದರೆ ಎರಡೇ ದಿನಕ್ಕೆ ಹುಳಿ ಏರುತ್ತದೆ.

ನಿಂಬೆಯ ಘಮವಿರುವುದು ರಸದಲ್ಲಲ್ಲ, ಸಿಪ್ಪೆಯ ಹೊರಮೈಯ ಎಣ್ಣೆಚೀಲಗಳಲ್ಲಿ. ಎಣ್ಣೆಗೆ ಜಿಡ್ಡು ಒಗ್ಗುತ್ತದೆ, ರಸಕ್ಕೆ ಒಗ್ಗದು. ಹಾಗಾಗಿ ರಸವನ್ನು ನಾಲ್ಕೈದು ಹನಿಯಂತೆ ಹಾಕಿ, ಅದು ಮಾಯವಾದ ಮೇಲೆ ಮುಂದಿನ ಹನಿ. ಒಮ್ಮೆಗೇ ಸುರಿದರೆ ಬೆಣ್ಣೆ ಅಲ್ಲಲ್ಲಿ ನೀರೊಡೆಯುತ್ತದೆ. ತುರಿಯುವಾಗ ಬಣ್ಣದ ಪದರ ಮಾತ್ರ. ಕೆಳಗಿನ ಬಿಳಿ ಕಹಿ. ನಮ್ಮ ಸಣ್ಣ ನಿಂಬೆಯ ಸಿಪ್ಪೆ ಎಷ್ಟು ತೆಳುವೆಂದರೆ ಒಂದೇ ಜಾಗದಲ್ಲಿ ಎರಡು ಸಲ ಉಜ್ಜಿದರೆ ಬಿಳಿ ಬಂದುಬಿಡುತ್ತದೆ. ಹೇರಳೆಕಾಯಿ ಸಿಕ್ಕರೆ ಬಿಡಬೇಡಿ: ದಪ್ಪ ಸಿಪ್ಪೆ, ಒಳ್ಳೆಯ ಪರಿಮಳ. ಕಿತ್ತಳೆಯಾದರೆ ಸುಲಿಯುವ ಮೊದಲೇ ತುರಿಯಿರಿ.

ಸೊಪ್ಪು ಬಟ್ಟೆಯಲ್ಲಿ ಒರಸಿ ಒಣಗಿರಬೇಕು, ಚಾಕು ಹರಿತವಿರಬೇಕು. ಮೊಂಡು ಚಾಕುವಿಗೆ ಜಜ್ಜಿಹೋದ ಪುದೀನ ಕಪ್ಪಾಗುತ್ತದೆ. ಫ್ರೆಂಚರ ‘ಮೇತ್ರ್ ದೊತೆಲ್’ ಬೆಣ್ಣೆಗೆ ಪಾರ್ಸ್ಲಿ ಎಂಬ ಸೊಪ್ಪು ಮತ್ತು ನಿಂಬೆರಸ. ಇಲ್ಲಿ ಸಬ್ಬಸಿಗೆಗೆ ನಿಂಬೆಯ ಜೋಡಿ ಅದಕ್ಕೇನೂ ಕಡಿಮೆಯಿಲ್ಲ. ಮಿಕ್ಸಿಗೆ ಮಾತ್ರ ಹಾಕಬೇಡಿ. ಬೆಣ್ಣೆ ಬಿಸಿಯಾಗುತ್ತದೆ, ಸೊಪ್ಪು ಚಟ್ನಿಯಾಗುತ್ತದೆ. ಫೋರ್ಕಿನಲ್ಲಿ ಕಲಸಿ, ಬಟರ್ ಪೇಪರಿನಲ್ಲಿ ಉರುಳೆಯಾಗಿ ಸುತ್ತಿ, ಎರಡೂ ತುದಿ ತಿರುಚಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬಹುದು. ಐದು ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರಿಗೆ ಹಾಕಿ ಎರಡು ತಿಂಗಳು ಬಳಸಿ. ಹಸಿ ಬೆಳ್ಳುಳ್ಳಿ ಹಾಕಿದ್ದನ್ನು ಹೊರಗಿಡಲೇಬಾರದು. ಜಿಡ್ಡಿನೊಳಗೆ ಗಾಳಿಯಾಡದಲ್ಲಿ ಬೊಟುಲಿಸಂ ಎಂಬ ಪ್ರಾಣಾಂತಕ ಆಹಾರವಿಷ ತರುವ ಬ್ಯಾಕ್ಟೀರಿಯ ಬೆಳೆಯಬಹುದು.

ಇದನ್ನು ಕಾದ ಹೆಂಚಿಗೆ ಹಾಕಿ ಸೊಪ್ಪು ಸುಟ್ಟಿತೆಂದು ದೂರುವವರಿಗೆ ಏನು ಹೇಳುವುದು? ದೋಸೆ ತಟ್ಟೆಗೆ ಬಂದ ಮೇಲೆ, ಮೀನು ಒಲೆಯಿಂದ ಇಳಿದ ಮೇಲೆ ಒಂದು ಬಿಲ್ಲೆ ಇಡಿ. ಕರಗಬೇಕಾದ್ದು ಅಲ್ಲಿ.